ಅಜ್ಜಿಗೂ ಅರ್ಥವಾಗುವ ಐಇಪಿ ಬರೆಯುವುದು ಹೇಗೆ

ವಿಶೇಷ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಬರೆದ ಐಇಪಿ, ಅಂದರೆ ವೈಕಲ್ಯವಿರುವ ಒಂದು ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆ, ನೋಡಲು ಬಲು ಚೆನ್ನಾಗಿತ್ತು. ಗೆರೆ ಎಳೆದ ಹಾಳೆ, ದುಂಡಗಿನ ಅಕ್ಷರ, ಕೆಂಪು ಪೆನ್ನಿನಲ್ಲಿ ತಲೆಬರಹ. ಶಿಡ್ಲಘಟ್ಟ–ಚಿಂತಾಮಣಿ ನಡುವಿನ ಒಂದು ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಅಲ್ಲಿನ 11 ವರ್ಷದ ಹುಡುಗಿಗೆ ಬರೆದದ್ದು. ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ ಮಗು. ನಿಜವಾದ ಹೆಸರು ಬೇಡ, ಚಿನ್ನಿ ಅಂತಿಟ್ಟುಕೊಳ್ಳಿ. ಅವಳ ಅಮ್ಮನ ಸಹಿ ಬೇಕಿತ್ತು. ಸಹಿ ಹಾಕುವ ಮೊದಲು ಆಕೆ, "ಏನ್ ಬರ್ದಿದೀರಾ ಮೇಡಂ, ಸ್ವಲ್ಪ ಓದಿ" ಅಂದರು. ನಾನು ಓದಿದೆ: "ಮೂರು ಮೂಲ ಬಣ್ಣಗಳನ್ನು ಶೇಕಡಾ 80ರಷ್ಟು ನಿಖರತೆಯಿಂದ ಗುರುತಿಸುವಳು."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಬಣ್ಣ ಗೊತ್ತಾದ್ರೆ ಒಂದಕ್ಕೆ ಬಂದಾಗ ಹೇಳ್ತಾಳಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಗುರಿಯನ್ನು ನಾನು ಇನ್ನೊಂದು ಮಗುವಿನ ಫೈಲು ನೋಡಿ ಬರೆದಿದ್ದೆ. ಹುಡುಗಿ ದಿನಕ್ಕೆ ನಾಲ್ಕು ಸಲ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಅದರಿಂದಾಗಿ ಶಾಲೆಗೆ ಕಳಿಸುತ್ತಿರಲಿಲ್ಲ. ಅಮ್ಮ ಹುಳುವಿಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗುವಾಗಲೂ ಜೊತೆಗೇ ಕರೆದುಕೊಂಡು ಹೋಗಬೇಕಿತ್ತು. ಅಂಥ ಮನೆಗೆ ನಾನು ಕೆಂಪು, ಹಳದಿ, ನೀಲಿ ಹಿಡಿದುಕೊಂಡು ಹೋಗಿದ್ದೆ.

ಆ ಹಾಳೆ ಇವತ್ತಿಗೂ ನನ್ನ ಬ್ಯಾಗಿನಲ್ಲಿದೆ. ಹದಿನಾಲ್ಕು ವರ್ಷ ಟಿವಿಎಸ್ ಗಾಡಿಯಲ್ಲಿ ಹಳ್ಳಿ ಸುತ್ತಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಬಂದ ವಿಶೇಷ ಶಿಕ್ಷಕರಿಗೆ, ತರಗತಿಯಲ್ಲಿ ಇಂಥ ಮಗು ಇರುವ ಮೇಷ್ಟ್ರು ಮೇಡಂಗಳಿಗೆ, ಮನೆಯಲ್ಲೇ ಏನಾದರೂ ಶುರು ಮಾಡೋಣ ಎನ್ನುವ ಅಪ್ಪ ಅಮ್ಮಂದಿರಿಗೆ.

ಐಇಪಿ ಎಂದರೆ ವೈಯಕ್ತಿಕ ಶೈಕ್ಷಣಿಕ ಯೋಜನೆ. ಈ ಒಂದು ಮಗು ಈಗ ಎಲ್ಲಿದೆ, ಒಂದು ವರ್ಷದಲ್ಲಿ ಎಲ್ಲಿಗೆ ಬರಬೇಕು, ಯಾರು, ಯಾವಾಗ, ಹೇಗೆ ಕಲಿಸುತ್ತಾರೆ, ಕಲಿತದ್ದು ಹೇಗೆ ಗೊತ್ತಾಗುತ್ತದೆ ಎಂದು ಬರೆದಿಡುವ ಕಾಗದ. ಅಮೆರಿಕದಲ್ಲಿ 1975ರ ಒಂದು ಕಾನೂನಿನಿಂದ ಇದು ಎಲ್ಲ ಸರ್ಕಾರಿ ಶಾಲೆಗಳಿಗೂ ಬಂತು. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು ಪ್ರತಿ ಮಗುವಿಗೂ ಬೇಕಾದ ಬೆಂಬಲ ಕೊಡಬೇಕು, ಪ್ರತಿ ಮಗುವಿನ ಪ್ರಗತಿಯನ್ನೂ ಗಮನಿಸುತ್ತಿರಬೇಕು ಎನ್ನುತ್ತದೆ. ಆ ಮಾತು ಕೆಲಸಕ್ಕೆ ಇಳಿಯುವುದು ಈ ಕಾಗದದಲ್ಲಿ.

ಮೊದಲ ದಿನ ಹಾಳೆ ತೆಗೆಯಬೇಡಿ

ಮನೆಗೆ ಹೋದ ತಕ್ಷಣ ಪೆನ್ನು ಹಾಳೆ ತೆಗೆದರೆ ಜನ ಪಿಂಚಣಿ ವಿಚಾರಕ್ಕೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಆಮೇಲೆ ಮಗುವಿಗೆ ಏನು ಬರುತ್ತದೆ ಎಂದು ಹೇಳುವುದಿಲ್ಲ, ಏನು ಬರುವುದಿಲ್ಲ ಎಂದು ಮಾತ್ರ ಹೇಳುತ್ತಾರೆ. ಅವರ ತಪ್ಪಲ್ಲ. ಇಷ್ಟು ವರ್ಷ ಎಲ್ಲ ಕಚೇರಿಯಲ್ಲೂ ಕೇಳಿದ್ದು ಅದನ್ನೇ ಅಲ್ವಾ? ಆ ಮನೆಯವರು ಮುರುಗಮಲ್ಲದ ದರ್ಗಾಕ್ಕೂ ಹೋಗಿ ಬಂದಿರುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಿ ಬಂದಿರುತ್ತಾರೆ. ಎರಡನ್ನೂ ಕೇಳಿಸಿಕೊಳ್ಳಿ. ಒಂದನ್ನು ಹೊಗಳಿ ಇನ್ನೊಂದನ್ನು ಬೈಯಲು ಹೋಗಬೇಡಿ. ನೀವು ಇನ್ನೂ ಹತ್ತು ಸಲ ಆ ಮನೆಗೆ ಹೋಗಬೇಕು.

ನಾನು ಕೇಳುವ ಮೊದಲ ಪ್ರಶ್ನೆ: "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನಾಯ್ತು, ಹೇಳಿ." ಇವತ್ತಿನದಲ್ಲ, ನಿನ್ನೆಯದು. ಯಾರು ಎಬ್ಬಿಸಿದರು, ಮುಖ ಯಾರು ತೊಳೆದರು, ಡೇರಿಗೆ ಹಾಲು ಹಾಕಲು ಹೋದಾಗ ಮಗು ಎಲ್ಲಿತ್ತು, ಮುದ್ದೆ ಯಾರು ತಿನ್ನಿಸಿದರು. ಈ ಮಾತಿನಲ್ಲೇ ಮುಕ್ಕಾಲು ಪಾಲು ಐಇಪಿ ಸಿಗುತ್ತದೆ. ಆಮೇಲೆ ಎರಡನೆಯ ಪ್ರಶ್ನೆ: "ಇವಳು ಒಂದೇ ಒಂದು ಕೆಲಸ ತಾನೇ ಮಾಡಿಕೊಂಡ್ರೆ ನಿಮ್ಮ ಮನೆಗೆ ಅನುಕೂಲ ಆಗುತ್ತೆ ಅನ್ನೋ ಹಾಗಿದ್ರೆ, ಅದು ಯಾವುದು?" ಇದನ್ನು ಅಮ್ಮನಿಗೊಂದು ಸಲ, ಅಪ್ಪನಿಗೊಂದು ಸಲ, ಅಜ್ಜಿಗೊಂದು ಸಲ ಬೇರೆ ಬೇರೆಯಾಗಿ ಕೇಳಿ. ಮಾತು ಬರುವ ಮಗುವಾದರೆ ಮಗುವನ್ನೂ ಕೇಳಿ. ಅದನ್ನು ಕೇಳುವವರೇ ಕಡಿಮೆ. ಯಾವ ಹಳ್ಳಿಯಲ್ಲೇ ಆಗಲಿ, ಅಪ್ಪಂದಿರು ಸಾಮಾನ್ಯವಾಗಿ "ಓದಲಿ, ಬರೀಲಿ" ಅನ್ನುತ್ತಾರೆ. ಅಜ್ಜಿಯರು ಸರಿಯಾದ ಜಾಗಕ್ಕೆ ಕೈ ಇಡುತ್ತಾರೆ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಆನ್‌ಲೈನ್ ಅರ್ಜಿ ಹಾಕಿಸಿ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇದಕ್ಕೆ ಸಹಾಯ ಮಾಡುತ್ತಾರೆ. ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಶೇಕಡಾ 40 ಅಥವಾ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎಂಬುದು ಮನೆಯವರ ಆಯ್ಕೆ. ಹಾಸಿಗೆ ಬಿಟ್ಟು ಏಳಲಾಗದಂಥ ತೀವ್ರ ವೈಕಲ್ಯದ ಮಗುವಿಗೆ ಮನೆಯಲ್ಲೇ ಕಲಿಸುವ ಅವಕಾಶ ಆರ್‌ಟಿಇಗೆ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಗೆ, 2012ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದಿದೆ. ಅದನ್ನೇ ನಾವು ಗೃಹಾಧಾರಿತ ಶಿಕ್ಷಣ ಎನ್ನುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ, ಬಹು ವೈಕಲ್ಯ ಇರುವವರಿಗೆ ನಿರಾಮಯ ಎಂಬ 1 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ. ತಾಲೂಕಿನ ಬಿಆರ್‌ಸಿ, ಅಂದರೆ ಸಂಪನ್ಮೂಲ ಕೇಂದ್ರದ ಕಚೇರಿಗೆ ಹೋಗಿ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಯಾರೆಂದು ಕೇಳಿ. ಆದರೆ ಕಾರ್ಡು ಬರಲಿ ಎಂದು ಕಾಯುತ್ತಾ ಕೂರಬೇಡಿ. ಕಲಿಸಲು ಶುರು ಮಾಡುವುದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಮಗು ಎಲ್ಲಿದೆ ಎಂದು ನೋಡುವುದು

ಇದಕ್ಕೆ ಪಟ್ಟಿಗಳಿವೆ. ನಾವು ಜಾಸ್ತಿ ಬಳಸುವುದು ಎಂಡಿಪಿಎಸ್, ಮದ್ರಾಸಿನಲ್ಲಿ ತಯಾರಾದದ್ದು. 18 ವಿಭಾಗ, ಒಂದೊಂದರಲ್ಲಿ 20ರಂತೆ ಒಟ್ಟು 360 ಅಂಶಗಳು. ಸುಲಭದಿಂದ ಕಷ್ಟಕ್ಕೆ ಏರುತ್ತಾ ಹೋಗುತ್ತವೆ. ಸಿಕಂದರಾಬಾದಿನಲ್ಲಿರುವ, ಬುದ್ಧಿ ವೈಕಲ್ಯದ ರಾಷ್ಟ್ರೀಯ ಸಂಸ್ಥೆಯ ಎಫ್‌ಎಸಿಪಿ ಇನ್ನೊಂದು. ಎರಡೂ ಒಳ್ಳೆಯವೇ. ಆದರೆ ಪಟ್ಟಿಯನ್ನು ಮನೆಯಲ್ಲಿ ಕೂತು ನೋಡುತ್ತಾ ತುಂಬಬೇಕು. ಅಮ್ಮ "ಮಾಡ್ತಾಳೆ" ಅಂದರೆ "ಎಲ್ಲಿ, ಒಂದ್ಸಲ ಮಾಡಿಸಿ ನೋಡೋಣ" ಅನ್ನಿ. ಅಮ್ಮ "ಮಾಡಲ್ಲ" ಅಂದಾಗಲೂ ಅದನ್ನೇ ಅನ್ನಿ.

ಪಟ್ಟಿ ನಮ್ಮ ಮನೆಗಳನ್ನು ನೋಡಿ ಮಾಡಿದ್ದಲ್ಲ. ಒಂದು ಕಡೆ ಚಮಚದಲ್ಲಿ ತಿನ್ನುವ ವಿಷಯ ಬರುತ್ತದೆ. ಚಮಚದಲ್ಲಿ ಯಾರೂ ತಿನ್ನದ ಮನೆಯಲ್ಲಿ ಮಗು ಮಾತ್ರ ಯಾಕೆ ಚಮಚ ಹಿಡಿಯಬೇಕು? ನಾನು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ "ಮುದ್ದೆ ಮುರಿದು ಸಾರಿಗೆ ಅದ್ದುವುದು" ಎಂದು ಬರೆದುಕೊಳ್ಳುತ್ತೇನೆ. ಮಣಿ ಪೋಣಿಸುವ ಬದಲು ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿತಕುವುದು. ಹೆಬ್ಬೆರಳು ತೋರುಬೆರಳಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಯಾವ ಥೆರಪಿ ಕಿಟ್ಟಿನಲ್ಲೂ ನಾನು ನೋಡಿಲ್ಲ. ಕಾಳು ಪುಸಕ್ಕನೆ ಹಾರಿದರೆ ಮಗು ನಗುತ್ತದೆ. ಮನೆಯವರಿಗೆ ಹಿತಕಬೇಳೆ ಸಾರೂ ಆಗುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ದೊಡ್ಡ ವಿಷಯ ಭಾಷೆ. ಚಿಂತಾಮಣಿ, ಬಾಗೇಪಲ್ಲಿ ಕಡೆ ಬಹಳ ಮನೆಗಳಲ್ಲಿ ತೆಲುಗು, ಪೇಟೆಯಲ್ಲಿ ಕೆಲವು ಕಡೆ ಉರ್ದು, ಶಾಲೆಯಲ್ಲಿ ಕನ್ನಡ. ಒಬ್ಬ ಹುಡುಗನ ವರದಿಯಲ್ಲಿ "ಸರಳ ಆದೇಶಗಳನ್ನೂ ಪಾಲಿಸುವುದಿಲ್ಲ" ಎಂದು ಬರೆದಿತ್ತು. ಎಲ್ಲಿ ಬರೆದರು ಎಂಬುದು ಬೇಡ. ನಾನು "ಬಾಯಿ ತೋರಿಸು" ಅಂದೆ, ಅವನು ನನ್ನ ಮುಖವನ್ನೇ ನೋಡಿದ. ಅವನ ಅಜ್ಜಿ ಒಲೆ ಮುಂದಿನಿಂದಲೇ "ನೋರು ಚೂಪಿಂಚುರಾ" ಅಂದರು. ಆ ಎನ್ನುತ್ತಾ ಬಾಯಿ ತೆರೆದ. ಪರೀಕ್ಷೆ ಮಾಡಿದವರು ಕನ್ನಡದಲ್ಲಿ ಕೇಳಿದ್ದರು ಅಷ್ಟೇ. ಆದ್ದರಿಂದ ಐಇಪಿಯ ಮೊದಲ ಪುಟದಲ್ಲೇ ಬರೆಯಿರಿ: ಮಗು ಯಾವ ಭಾಷೆ ಕೇಳಿ ಬೆಳೆದಿದೆ, ನೀರಿಗೆ ಏನನ್ನುತ್ತದೆ, ಹಸಿವಿಗೆ ಏನನ್ನುತ್ತದೆ, ಬೇಡ ಎನ್ನಲು ಏನು ಮಾಡುತ್ತದೆ. ಮಾತೇ ಇಲ್ಲದ ಮಗುವಿಗೂ "ಬೇಡ" ಎನ್ನುವ ಒಂದು ದಾರಿ ಇದ್ದೇ ಇರುತ್ತದೆ, ತಲೆ ತಿರುಗಿಸುವುದೋ ತಳ್ಳುವುದೋ. ಮನೆಯಲ್ಲಿ, ಶಾಲೆಯಲ್ಲಿ, ನೀವು ಬಂದಾಗ, ಎಲ್ಲ ಕಡೆ ಒಂದೇ ಮಾತು, ಒಂದೇ ಸನ್ನೆ ಇರಬೇಕು.

ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸದೆ ಯಾವ ಗುರಿಯನ್ನೂ ಬರೆಯಬೇಡಿ. ಬುದ್ಧಿ ಸಾಲದು ಎಂದುಕೊಂಡ ಮಗುವಿಗೆ ಕಿವಿ ಸರಿಯಾಗಿ ಕೇಳದೆ ಇರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಕಾರ್ಯಕ್ರಮದ ಅಡಿಯ ಡಿಇಐಸಿ ಕೇಂದ್ರದಲ್ಲಿ ಕೇಳಿ. ಅಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಗುರಿ ಬರೆಯುವುದು

ಮೂರು ಗುರಿ ಸಾಕು. ನಾಲ್ಕು ಬರೆದರೆ ಒಂದನ್ನೂ ಮಾಡುವುದಿಲ್ಲ. ನನ್ನ ಲೆಕ್ಕ ಹೀಗೆ: ಒಂದು ಮನೆಗೆ ಬೇಕಾದದ್ದು, ಒಂದು ಶಾಲೆಗೆ ಬೇಕಾದದ್ದು, ಒಂದು ಮಗುವಿಗೆ ಇಷ್ಟವಾದದ್ದು. ಮೂರನೆಯದನ್ನು ಬಿಟ್ಟೀರಿ ಜೋಕೆ. ಹಾಡು ಹಾಕಿಕೊಳ್ಳುವುದು, ಕರುವಿಗೆ ಹುಲ್ಲು ಹಾಕುವುದು, ಏನಾದರೂ ಸರಿ.

ಬರೆದಾದ ಮೇಲೆ ಮನೆಯ ಅಜ್ಜಿಗೆ ಓದಿ ಹೇಳಿ. "ಇದು ಇವತ್ತು ಆಯ್ತಾ ಇಲ್ವಾ?" ಎಂದು ಕೇಳಿದರೆ ಅಜ್ಜಿ ಆಯ್ತು ಅಥವಾ ಇಲ್ಲ ಅನ್ನುವ ಹಾಗಿರಬೇಕು. "ಸಂವಹನ ಕೌಶಲ ಸುಧಾರಿಸುವುದು" ಎಂದರೆ ಅಜ್ಜಿ ಏನು ಹೇಳಬೇಕು? "ಅರಿವು ಮೂಡಿಸುವುದು", "ಸಾಮರ್ಥ್ಯ ಬೆಳೆಸುವುದು" ಇವೆಲ್ಲ ಕಣ್ಣಿಗೆ ಕಾಣುವ ವಸ್ತುಗಳಲ್ಲ. ಚಿನ್ನಿಯ ಗುರಿಯನ್ನು ಎರಡನೇ ಸಲ ಹೀಗೆ ಬರೆದೆ: "ಹಗಲಲ್ಲಿ ಒಂದಕ್ಕೆ ಬಂದಾಗ ಚಿನ್ನಿ ಅಮ್ಮನ ಅಥವಾ ಅಜ್ಜಿಯ ಸೆರಗು ಎಳೆದು ಕಿರುಬೆರಳು ತೋರಿಸುತ್ತಾಳೆ. ವಾರದಲ್ಲಿ 5 ದಿನ ಬಟ್ಟೆ ಒಣಗಿರುತ್ತದೆ. ಯುಗಾದಿಯೊಳಗೆ." ಯಾರು, ಯಾವಾಗ, ಏನು ಮಾಡುತ್ತಾರೆ, ಎಷ್ಟು ಸಲ, ಯಾವ ದಿನದೊಳಗೆ, ಎಲ್ಲ ಇದೆ. ಕಚೇರಿಯ ನಮೂನೆಗೆ ತಾರೀಖು ಬೇಕಾದರೆ ತಾರೀಖನ್ನೂ ಹಾಕಿ. ಮನೆಯವರಿಗೆ ನೆನಪಿರುವುದು ಯುಗಾದಿ.

ಒಂದು ವರ್ಷದ ಗುರಿಯನ್ನು ಮೂರು ಮೂರು ತಿಂಗಳ ತುಂಡು ಮಾಡಿ. ಇಲ್ಲಿ ಪುಸ್ತಕ ಹೇಳುವುದು ಸರಿಯಾಗಿಯೇ ಇದೆ.

ತುಂಡು ಮಾಡುವುದರಲ್ಲೇ ಎಲ್ಲ ಇದೆ

ಚಿನ್ನಿಗೆ ಮೊದಲ ವಾರ ನಾವು ಏನೂ ಕಲಿಸಲಿಲ್ಲ. ಯಾವ ಹೊತ್ತಿಗೆ ಒದ್ದೆ ಆಗುತ್ತದೆ ಎಂದು ನೋಡಿದೆವು. ಗಂಟೆಗೊಮ್ಮೆ ಮುಟ್ಟಿ ನೋಡಿ ಒಣಗಿದೆಯೋ ಒದ್ದೆಯೋ ಬರೆಯಬೇಕು ಎಂದು ಪುಸ್ತಕದಲ್ಲಿದೆ. ಅಮ್ಮ ಹುಳು ಮನೆಯಲ್ಲಿ, ಅಜ್ಜಿಗೆ ಗಡಿಯಾರ ನೋಡಲು ಬರುವುದಿಲ್ಲ. ಅದಕ್ಕೆ ಹೊತ್ತನ್ನು ನಾವು ಮನೆಯ ಲೆಕ್ಕದಲ್ಲೇ ಇಟ್ಟುಕೊಂಡೆವು: ಡೇರಿಗೆ ಹಾಲು ಹೋಗುವ ಹೊತ್ತು, ಬೆಳಗಿನ ಸೊಪ್ಪು ಹಾಕುವ ಹೊತ್ತು, ಶಾಲೆಯ ಗಂಟೆ, ಮಧ್ಯಾಹ್ನದ ಮುದ್ದೆ, ಮೂರೂವರೆ ಬಸ್ಸು, ಸಂಜೆ ದೀಪ. ಆರು ಲೋಟ ಸಾಲಾಗಿ ಇಟ್ಟೆವು. ಒದ್ದೆಯಾದರೆ ಆ ಹೊತ್ತಿನ ಲೋಟಕ್ಕೆ ಒಂದು ಹುಣಸೆ ಬೀಜ. ಐದು ದಿನದಲ್ಲಿ ಗೊತ್ತಾಯಿತು, ಶಾಲೆ ಗಂಟೆಯ ಲೋಟ ಮತ್ತು ಬಸ್ಸಿನ ಲೋಟ ತುಂಬಿತ್ತು. ಬೆಳಗ್ಗೆ ಟೀ ಕುಡಿದು ಸ್ವಲ್ಪ ಹೊತ್ತಿಗೆ, ಮುದ್ದೆ ಉಂಡು ನೀರು ಕುಡಿದು ಸ್ವಲ್ಪ ಹೊತ್ತಿಗೆ. ಅಷ್ಟೇ ವಿಷಯ.

ಆಮೇಲೆ ಆ ಎರಡು ಹೊತ್ತಿಗೆ ಹತ್ತು ನಿಮಿಷ ಮುಂಚೆ ಅಜ್ಜಿ ಚಿನ್ನಿಯ ಕಿರುಬೆರಳು ಹಿಡಿದು ಎತ್ತಿಸಿ, "ಒಂದಕ್ಕೆ" ಎಂದು ಹೇಳಿ, ಕರೆದುಕೊಂಡು ಹೋಗಬೇಕು. ಅಲ್ಲಿ ಒಂದಕ್ಕೆ ಮಾಡಿದರೆ ಕೂಡಲೇ ಭೇಷ್ ಅನ್ನಬೇಕು, ಒಂದು ಚೂರು ಬೆಲ್ಲ. ಆಗದಿದ್ದರೆ ಬೈಯಬಾರದು, ಸುಮ್ನೆ ವಾಪಸು ಬರಬೇಕು. ಬಟ್ಟೆ ಒದ್ದೆಯಾದರೂ ಬೈಯಬಾರದು. ಈ ಬೈಯಬಾರದು ಎನ್ನುವುದನ್ನು ಕಲಿಸುವುದೇ ಕಷ್ಟ, ಅದೂ ದೊಡ್ಡವರಿಗೆ. ಮೂರನೇ ತಿಂಗಳು ಅವಳೇ ಸೆರಗು ಎಳೆದಳು. ಬೆರಳು ತೋರಿಸಲಿಲ್ಲ, ಬಚ್ಚಲ ಕಡೆ ನೋಡಿದಳು. ನಾವು ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡೆವು.

ಇನ್ನೊಂದು ಬಗೆಯಲ್ಲಿ ತುಂಡು ಮಾಡುವುದು ಹಿಂದಿನಿಂದ ಮುಂದಕ್ಕೆ. ಸೆರೆಬ್ರಲ್ ಪಾಲ್ಸಿ ಇರುವ ಒಂಬತ್ತು ವರ್ಷದ ಹುಡುಗ, ಮುದ್ದೆ ತಾನೇ ತಿನ್ನಬೇಕು. ಒಂದು ಎಚ್ಚರಿಕೆ ಮೊದಲೇ: ನುಂಗುವಾಗ ಪದೇ ಪದೇ ಕೆಮ್ಮುವ ಮಗುವಾದರೆ, ಉಂಡ ಮೇಲೆ ಗಂಟಲಲ್ಲಿ ಗೊರಗೊರ ಸದ್ದು ಬಂದರೆ, ಥೆರಪಿಸ್ಟಿಗೆ ತೋರಿಸದೆ ಇದನ್ನು ಶುರು ಮಾಡಬೇಡಿ. ಇವನಿಗೆ ಆ ತೊಂದರೆ ಇರಲಿಲ್ಲ. ಗೋಡೆಯ ಮೂಲೆಗೆ ಕಂಬಳಿ ಮಡಚಿ ಇಟ್ಟು ಬೆನ್ನು ನೇರ ಕೂರಿಸಿದೆವು. ತಟ್ಟೆ ಜಾರದ ಹಾಗೆ ಅಡಿಗೆ ಒದ್ದೆ ಬಟ್ಟೆ. ಕೆಲಸದ ತುಂಡುಗಳು ಐದು: ಮುರಿಯುವುದು, ಹಿಡಿಯುವುದು, ಸಾರಿಗೆ ಅದ್ದುವುದು, ಬಾಯಿ ಹತ್ತಿರ ತರುವುದು, ಬಾಯಿಗೆ ಹಾಕಿಕೊಳ್ಳುವುದು. ಅಮ್ಮ ಅವನ ಕೈ ಹಿಡಿದು ಮೊದಲ ನಾಲ್ಕನ್ನು ಮಾಡಿಸುತ್ತಾರೆ, ತುಟಿಯ ಹತ್ತಿರ ಬಂದಾಗ ಕೈ ಬಿಡುತ್ತಾರೆ. ಕೊನೆಯ ತುಂಡು ಮಾತ್ರ ಅವನದು. ಅದು ಬಂದ ಮೇಲೆ ಕೊನೆಯ ಎರಡು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ, ಬಾಯಿಗೆ ಮುದ್ದೆಯೂ ಸಿಗುತ್ತದೆ. ಮುಂದಿನಿಂದ ಶುರು ಮಾಡಿದ್ದರೆ ಮುದ್ದೆ ಮುರಿಯುವುದರಲ್ಲೇ ಸೋತು ತಟ್ಟೆ ತಳ್ಳುತ್ತಿದ್ದ. ಚಡ್ಡಿ ಹಾಕಿಕೊಳ್ಳುವುದು, ಬ್ಯಾಗಿನ ಜಿಪ್ಪು ಎಳೆಯುವುದು, ಇವಕ್ಕೂ ಇದೇ ದಾರಿ.

ಎಷ್ಟು ಸಹಾಯ ಕೊಟ್ಟಿರಿ ಎಂದು ಬರೆಯುವುದನ್ನು ಮರೆಯಬೇಡಿ. ಅಂಗಡಿಯವರು ಕೊಡುವ ಕ್ಯಾಲೆಂಡರ್ ಎಲ್ಲ ಮನೆಯಲ್ಲೂ ಗೋಡೆಯ ಮೇಲಿರುತ್ತದೆ. ಅದರಲ್ಲಿ ಆ ದಿನದ ಚೌಕದಲ್ಲಿ ಒಂದಕ್ಷರ ಸಾಕು. ಕೈ ಹಿಡಿದು ಮಾಡಿಸಿದರೆ "ಕೈ", ಬೆರಳು ತೋರಿಸಿದರೆ "ಬೆ", ಬಾಯಲ್ಲಿ ಹೇಳಿದರೆ "ಬಾ", ತಾನೇ ಮಾಡಿದರೆ "ತಾ". ತಿಂಗಳ ಕೊನೆಯಲ್ಲಿ ನೋಡಿದರೆ "ಕೈ" ಕಡಿಮೆಯಾಗಿ "ಬೆ" ಬಂದಿರುತ್ತದೆ. ನಾನು ದೊಡ್ಡ ರಿಜಿಸ್ಟರ್ ಕೊಟ್ಟು ನೋಡಿದ್ದೇನೆ. ಅದರಲ್ಲಿ ಹಾಲಿನ ಲೆಕ್ಕ ಬರೆದಿಟ್ಟಿದ್ದರು.

ಹುಳು ಹಣ್ಣಾಗುವ ವಾರ

ನಾನು ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರ ಮಗಳು, ಶಿಡ್ಲಘಟ್ಟದವಳು. ಗೂಡಿನ ಮಾರುಕಟ್ಟೆಯ ಗದ್ದಲ ಕೇಳಿ ಬೆಳೆದವಳು. ಆದರೂ ನನ್ನ ಮೊದಲ ಯೋಜನೆಗಳಲ್ಲಿ "ಪ್ರತಿದಿನ 30 ನಿಮಿಷ" ಎಂದು ಬರೆಯುತ್ತಿದ್ದೆ. ನಾಚಿಕೆ ಆಗುತ್ತದೆ. ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ತಿನ್ನುವ ಸೊಪ್ಪು, ಅದಕ್ಕೂ ಮೊದಲಿನ ದಿನಗಳಲ್ಲೆಲ್ಲ ತಿಂದದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಮನೆಯವರಿಗೆ ನಿದ್ದೆ ಇರುವುದಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುವ ದಿನವಂತೂ ನೆಂಟರು ಬಂದರೂ ಕೂತ್ಕೊಳ್ಳಿ ಅನ್ನುವವರಿಲ್ಲ. ಆ ವಾರ ಮೂವತ್ತು ನಿಮಿಷ ಎಲ್ಲಿಂದ ತರುವುದು?

ಈಗ ನಾನು ಯೋಜನೆ ಬರೆಯುವಾಗ ಮೊದಲು ಕೇಳುವುದು "ಚಾಕಿ ಹುಳು ಯಾವಾಗ ತರ್ತೀರಾ?" ಎಂದು. ಚಾಕಿ ಎಂದರೆ ಎಳೆಯ ಹುಳು. ಬೆಳೆಯ ಲೆಕ್ಕಕ್ಕೆ ನಮ್ಮ ಲೆಕ್ಕ ಹೊಂದಿಸುತ್ತೇನೆ. ಹುಳು ಚಿಕ್ಕದಿರುವಾಗ ಮೂರು ಗುರಿಯೂ ನಡೆಯುತ್ತವೆ. ದೊಡ್ಡ ಹುಳುವಿನ ವಾರ ಒಂದೇ ಗುರಿ, ಅಜ್ಜಿಯ ಕೈಲಿ. ಮಿಕ್ಕ ಎರಡಕ್ಕೆ ರಜ, ಅದನ್ನು ಯೋಜನೆಯಲ್ಲೇ ಬರೆದಿಡುತ್ತೇನೆ. ಹಾಗೆ ಬರೆದರೆ ಅಮ್ಮನಿಗೆ ತಪ್ಪು ಮಾಡಿದೆ ಅನ್ನಿಸುವುದಿಲ್ಲ. ಗೂಡು ಬಿಡಿಸುವ ದಿನ ಮಗುವನ್ನು ಜೊತೆಗೆ ಕೂರಿಸಿಕೊಳ್ಳಿ. ಒಳ್ಳೆಯ ಗೂಡು ಈ ಬುಟ್ಟಿಗೆ, ಕಲೆಯಾದದ್ದು ಆ ಬುಟ್ಟಿಗೆ. ಐದು ಗೂಡು ಬಟ್ಟಲಿಗೆ ಹಾಕಿ ಎಣಿಸುವುದು. ಬೇರ್ಪಡಿಸುವುದು, ಎಣಿಕೆ, ಹಿಡಿತ, ಮೂರೂ ಆಯಿತು. ಆದರೆ ಹತ್ತು ನಿಮಿಷ ಅಷ್ಟೇ. ಚೆನ್ನಾಗಿ ಮಾಡುತ್ತಾಳೆ ಎಂದು ಇಡೀ ದಿನ ಕೂರಿಸಿದರೆ ಅದು ದುಡಿಮೆ. ಹಾಗೆ ಮಾಡಿದ ಮನೆಯೊಂದರಲ್ಲಿ ನಾನು ಜಗಳ ಆಡಿ ಬಂದಿದ್ದೇನೆ. ಹುಳು ಮನೆಗೆ ಹೊರಗಿನವರು ಹೋಗುವ ಹಾಗಿಲ್ಲ, ಔಷಧಿ ಹೊಡೆದಿರುತ್ತಾರೆ. ಮಗುವನ್ನೂ ಬಿಡಬೇಡಿ.

ಟೊಮೆಟೊ ಬೆಳೆಯುವ ಮನೆಯವರಿಗೂ ಇಂಥದ್ದೇ ಒಂದು ಕಾಲ ಇರುತ್ತದೆ. ಕೇಳಿ ತಿಳಿದುಕೊಳ್ಳಿ.

ಶಾಲೆಯ ಪಾಲು

ಒಂದರಿಂದ ಮೂರನೇ ತರಗತಿವರೆಗೆ ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿ ಇರುವುದರಿಂದ ಕೆಲಸ ಸುಲಭ. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ನಿಲ್ಲಬಹುದು, ಕಾರ್ಡು ಅದಕ್ಕೆ ತಕ್ಕಂತೆ. ನಮ್ಮ ಮಗು ಮೂರು ತಿಂಗಳು ಒಂದೇ ಮೆಟ್ಟಿಲಿನಲ್ಲಿದ್ದರೂ ಯಾರಿಗೂ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ನಾಲ್ಕನೇ ತರಗತಿಯಲ್ಲಿ. ಅಲ್ಲಿ ಪಾಠ ಎಲ್ಲರಿಗೂ ಒಂದೇ, ಮೇಷ್ಟ್ರಿಗೆ ಮೂವತ್ತು ಮಕ್ಕಳು.

ಆ ಮೇಷ್ಟ್ರಿಗೆ ಹತ್ತು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ನಾನು ಎರಡೇ ಕೇಳುತ್ತೇನೆ. ಒಂದು, ಮಗು ಎಲ್ಲಿ ಕೂರಬೇಕು. ಎರಡು, ಅದೇ ಪಾಠದಲ್ಲಿ ಈ ಮಗುವಿನ ಪಾಲು ಯಾವುದು. ಮಿಕ್ಕವರು ಭಾಗಾಕಾರ ಮಾಡುವಾಗ ಇವನು ಹತ್ತು ಹುಣಸೆ ಬೀಜವನ್ನು ಎರಡು ತಟ್ಟೆಗೆ ಒಂದೊಂದಾಗಿ ಹಂಚಲಿ. ಅದೂ ಭಾಗಾಕಾರವೇ. ಮಿಕ್ಕವರು ಪಾಠ ಓದುವಾಗ ಇವಳು ಅದೇ ಪುಟದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಎಲ್ಲೆಲ್ಲಿದೆ ಎಂದು ಹುಡುಕಿ ಗೋಲ ಹಾಕಲಿ. ಬೇರೆ ಮೂಲೆಯಲ್ಲಿ ಕೂರಿಸಿ ಬೇರೆ ಪುಸ್ತಕ ಕೊಡುವುದಕ್ಕಿಂತ ಇದು ಮೇಲು.

ಬಿಸಿಯೂಟದ ಸಾಲನ್ನು ಮರೆಯಬೇಡಿ. ತಟ್ಟೆ ತರುವುದು, ಸಾಲಿನಲ್ಲಿ ನಿಲ್ಲುವುದು, ಸಾಕು ಎನ್ನುವುದು, ತಟ್ಟೆ ತೊಳೆಯುವುದು. ದಿನಾ ನಡೆಯುವ ಪಾಠ ಅದು. ಜೊತೆಗೆ ಒಬ್ಬ ಗೆಳತಿಯನ್ನು ಗೊತ್ತು ಮಾಡಿ, ಆದರೆ ವಾರ ವಾರ ಬದಲಿಸಿ. ಒಬ್ಬಳಿಗೇ ಬಿಟ್ಟರೆ ಅವಳ ಆಟ ಹಾಳಾಗುತ್ತದೆ, ಆಮೇಲೆ ಅವಳಿಗೂ ಬೇಸರ, ಅವರಮ್ಮನಿಗೂ ಬೇಸರ.

ಎಸ್‌ಎಸ್‌ಎಲ್‌ಸಿವರೆಗೆ ಹೋಗುವ ಮಗುವಾದರೆ ಬರೆಯುವವರ ಸಹಾಯ, ಹೆಚ್ಚು ಸಮಯ ಇವೆಲ್ಲ ಸಿಗುತ್ತವೆ. ಅದನ್ನು ಎಂಟನೇ ತರಗತಿಯಿಂದಲೇ ಯೋಜನೆಯಲ್ಲಿ ಬರೆದು, ಶಾಲೆಯ ಪರೀಕ್ಷೆಗಳಲ್ಲಿ ಅಭ್ಯಾಸ ಮಾಡಿಸಿ. ಬೇರೆಯವರಿಗೆ ಹೇಳಿ ಬರೆಸುವುದೂ ಒಂದು ವಿದ್ಯೆ, ಪರೀಕ್ಷೆಯ ದಿನ ಕಲಿಯಲಾಗುವುದಿಲ್ಲ.

ಕಚ್ಚುವುದು, ಕಿರುಚುವುದು

"ಹಠ ಜಾಸ್ತಿ" ಎಂದು ಯೋಜನೆಯಲ್ಲಿ ಬರೆಯಬೇಡಿ. ಮೂರು ಪ್ರಶ್ನೆ ಕೇಳಿ ಬರೆಯಿರಿ: ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಮಾತು ಬಾರದ ಒಬ್ಬ ಹುಡುಗ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ, ಕೈ ಮೇಲೆ ಗಟ್ಟಿ ಚರ್ಮ ಬಂದಿತ್ತು. ಒಂದು ವಾರ ಬರೆದು ನೋಡಿದರೆ, ಪ್ರತಿ ಸಲ ಕಚ್ಚಿದಾಗಲೂ ಅಮ್ಮ ಗಾಬರಿಯಿಂದ ಬಿಸ್ಕತ್ತು ಕೊಟ್ಟಿದ್ದರು. ಅವನ ಭಾಷೆಯಲ್ಲಿ ಕಚ್ಚುವುದು ಎಂದರೆ ಬಿಸ್ಕತ್ತು ಕೊಡಿ ಎಂದು. ಅವನ ಯೋಜನೆಯಲ್ಲಿ "ಕಚ್ಚುವುದನ್ನು ನಿಲ್ಲಿಸುವುದು" ಎಂದು ಬರೆಯಲಿಲ್ಲ. "ಬಿಸ್ಕತ್ತು ಬೇಕಾದಾಗ ಡಬ್ಬಿಯ ಮುಚ್ಚಳ ತಂದು ಅಮ್ಮನ ಕೈಗೆ ಕೊಡುತ್ತಾನೆ" ಎಂದು ಬರೆದೆವು. ಮುಚ್ಚಳ ಕೊಟ್ಟ ಕೂಡಲೇ ಬಿಸ್ಕತ್ತು, ಮೊದಲ ಒಂದು ತಿಂಗಳು ಇಲ್ಲ ಅನ್ನುವ ಹಾಗೇ ಇಲ್ಲ. ಬಿಸ್ಕತ್ತಿನ ಖರ್ಚು ಜಾಸ್ತಿ ಆಯಿತು ಎಂದು ಅವರಪ್ಪ ಗೊಣಗಿದರು. ಕೈ ಮೇಲಿನ ಗಾಯ ಒಣಗಿತು.

ಮತ್ತೆ ನೋಡುವುದು

ಮೂರು ತಿಂಗಳಿಗೊಮ್ಮೆ ಎಲ್ಲರೂ ಕೂರಬೇಕು: ಅಪ್ಪ ಅಥವಾ ಅಮ್ಮ, ತರಗತಿಯ ಮೇಷ್ಟ್ರು, ಹೆಡ್ ಮೇಷ್ಟ್ರು, ನೀವು. ಶಾಲೆಯಲ್ಲೇ ಕೂರಬೇಕೆಂದೇನಿಲ್ಲ. ಒಂದು ಸಲ ನಾವು ಡೇರಿಯ ಜಗಲಿ ಮೇಲೆ ಕೂತಿದ್ದೇವೆ, ಅಪ್ಪ ಸಿಗುವುದು ಅಲ್ಲೇ ಆಗಿತ್ತು. ಕ್ಯಾಲೆಂಡರ್ ಹಾಳೆಗಳನ್ನು ಎದುರಿಗೆ ಇಟ್ಟುಕೊಳ್ಳಿ. ಗುರಿ ಮುಟ್ಟಿದ್ದರೆ ಮುಂದಿನದು. ಸ್ವಲ್ಪ ಮುಂದೆ ಹೋಗಿದ್ದರೆ ಹಾಗೇ ಮುಂದುವರಿಸಿ. ಮೂರು ತಿಂಗಳು ಸರಿಯಾಗಿ ಮಾಡಿಸಿಯೂ "ಕೈ" "ಕೈ" ಎಂದೇ ಇದ್ದರೆ ತುಂಡು ದೊಡ್ಡದಾಯಿತು ಎಂದರ್ಥ, ಇನ್ನೂ ಚಿಕ್ಕದು ಮಾಡಿ. ಯಾರೂ ಮಾಡಿಸಿಯೇ ಇಲ್ಲದಿದ್ದರೆ ಆ ಗುರಿ ಮನೆಗೆ ಬೇಕಾಗಿರಲಿಲ್ಲ, ಹೊಡೆದು ಹಾಕಿ. ನಾನು ಹೊಡೆದು ಹಾಕಿದ ಗುರಿಗಳು ಕಡಿಮೆಯೇನಿಲ್ಲ. ಒಂದು ಪ್ರತಿ ಮನೆಯಲ್ಲಿ, ಒಂದು ಶಾಲೆಯಲ್ಲಿ, ಒಂದು ನಿಮ್ಮಲ್ಲಿ ಇರಲಿ. ಮನೆಯ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ. ಇಲ್ಲದಿದ್ದರೆ ಇಲಿ ತಿನ್ನುತ್ತದೆ.

ಚಿನ್ನಿಗೆ ಹದಿಮೂರು ತುಂಬಿದ ವರ್ಷ ಯೋಜನೆ ಬರೆಯಲು ಹೋದಾಗ ನಾನು ಹೆಸರು ಬರೆಯುವುದು, ದುಡ್ಡು ಗುರುತಿಸುವುದು ಅಂತೆಲ್ಲ ಯೋಚಿಸಿಕೊಂಡು ಹೋಗಿದ್ದೆ. ಅಜ್ಜಿ ನನ್ನನ್ನು ಒಳಗೆ ಕರೆದು, ದನಿ ತಗ್ಗಿಸಿ, "ದೊಡ್ಡೋಳಾದ್ಳಮ್ಮ. ಬಟ್ಟೆ ಹಾಕ್ಕೊಳ್ಳೋದು ಕಲಿಸ್ಬೇಕಲ್ಲ" ಅಂದರು. ಅದೇ ಮೊದಲ ಗುರಿಯಾಯಿತು. ಪ್ಯಾಡಿನ ಅಂಟು ಕಾಗದ ಬಿಡಿಸುವುದರಿಂದ ಹಿಡಿದು ಕೈ ತೊಳೆಯುವವರೆಗೆ ಎಂಟು ತುಂಡು. ಮೊದಲು ಒಂದು ಗೊಂಬೆಯ ಚಡ್ಡಿಗೆ ಅಂಟಿಸಿ ಕಲಿಸಿದೆವು, ಆಮೇಲೆ ಅವಳದಕ್ಕೆ. ಈ ವಿಷಯ ಯಾವ ಹುಡುಗಿಯ ಯೋಜನೆಯಲ್ಲೂ ಹತ್ತನೇ ವರ್ಷದಿಂದಲೇ ಇರಬೇಕಿತ್ತು ಎಂದು ಈಗ ಅನ್ನಿಸುತ್ತದೆ. ನನಗೆ ಹೊಳೆದಿರಲಿಲ್ಲ.

ಈ ಸಲದ ಭೇಟಿ ಮುಂದಿನ ಸೋಮವಾರ. ಅವರ ಮನೆಯಲ್ಲಿ ಹುಳು ಈಗ ಮೂರನೇ ಜ್ವರದಲ್ಲಿದೆ. ಎದ್ದು ನಾಲ್ಕನೆಯದಕ್ಕೆ ಹೋಗುವುದರೊಳಗೆ ಹೋಗಿ ಕೂರಬೇಕು. ಆಮೇಲೆ ಹೋದರೆ ಮಾತಾಡಲು ಯಾರೂ ಸಿಗುವುದಿಲ್ಲ.